ಹೆಬ್ಬೆಟ್ಟಿಗಿಂತ ದಪ್ಪದ ಕಡ್ಡಿ

ಟೀ ಎಸ್ಟೇಟಿನ ಮಣ್ಣಿನ ಲ್ಯಾಬ್‌ಗೆ ಹೊಸದಾಗಿ ಸೇರುವ ಹುಡುಗಿಯರು ಈಗಲೂ ಯಾರದೋ ಮಾತು ಹಿಡಿದುಕೊಂಡು ನನ್ನನ್ನು ನೋಡಲು ಬರುತ್ತಾರೆ. ಬಾಳ್ಳುಪೇಟೆಯಲ್ಲಿ ಬಸ್ ಇಳಿದು "ಲ್ಯಾಬ್ ಮಿಸ್ ಮನೆ" ಎಂದರೆ ಬೇಕರಿಯವನು ದಾರಿ ತೋರಿಸುತ್ತಾನೆ. ಬಂದವರು ಪ್ರಮೋಷನ್ ಎಷ್ಟು ವರ್ಷಕ್ಕೆ, ಕ್ವಾರ್ಟರ್ಸ್ ಹೇಗಿದೆ, ಆಸಿಡ್ ತಾಗಿದರೆ ಏನು ಮಾಡಬೇಕು ಎಂದು ಕೇಳುತ್ತಾರೆ. ಪ್ರಮೋಷನ್ ವಿಷಯ ನನಗೆ ಸರಿಯಾಗಿ ನೆನಪೇ ಇಲ್ಲ. ಆಸಿಡ್ ತಾಗಿದರೆ ನೀರು ಹಾಕಿ ತೊಳೆಯಿರಿ, ತೂತಾದ ಸೀರೆಯನ್ನು ಲ್ಯಾಬ್‌ಗೇ ಮೀಸಲಿಡಿ, ಫಿನಿಶ್ಡ್. ಅವರು ಯಾರೂ ಕೇಳದ ವಿಷಯವನ್ನು ಇಲ್ಲಿ ನಾನಾಗಿಯೇ ಬರೆಯುತ್ತಿದ್ದೇನೆ. ಇಡೀ ಸರ್ವಿಸ್‌ನಲ್ಲಿ ನನ್ನ ಅತಿ ದೊಡ್ಡ ತಪ್ಪಿಗೂ ಕೆಮಿಸ್ಟ್ರಿಗೂ ಸಂಬಂಧವಿಲ್ಲ. ಒಬ್ಬಳು ಮೇಸ್ತ್ರಿ ಹೆಂಗಸಿನ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು. ಪೂರ್ತಿ ಹೋಗಿದೆ ಎಂದು ಈಗಲೂ ಹೇಳಲಾರೆ.

ನನ್ನ ತಂದೆ ಆಲೂರಿನ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಲೆಕ್ಕದ ಪುಸ್ತಕ ಬಿಟ್ಟರೆ ಬೇರೆ ಪುಸ್ತಕ ಕಾಣದ ಮನೆಯಿಂದ ನನ್ನನ್ನು ಹಾಸನದ ಕಾನ್ವೆಂಟ್ ಬೋರ್ಡಿಂಗ್‌ಗೆ ಹಾಕಿದರು. ಸಿಸ್ಟರ್‌ಗಳು ನನಗೆ ಕಲಿಸಿದ್ದು ಮೂರು: ಇಂಗ್ಲಿಷ್, ನೀಟ್‌ನೆಸ್, ಮತ್ತು ಕ್ಲಾಸಿಗೆ ಫಸ್ಟ್ ಬರದಿದ್ದರೆ ಊಟ ಸೇರದಿರುವುದು. ಮೊದಲ ಎರಡು ಕೆಲಸಕ್ಕೆ ಬಂದವು. ಬಿ.ಎಸ್ಸಿ. ಮುಗಿಸಿ, ಸಕಲೇಶಪುರದಿಂದ ಮೇಲೆ ಘಾಟಿಯ ಅಂಚಿನಲ್ಲಿರುವ ಟೀ ಎಸ್ಟೇಟಿಗೆ ಸೇರಿದೆ. ಹಳೆಯ ಎಲೆ ತೂಗುವ ಶೆಡ್ಡಿಗೆ ಬಾಗಿಲು ಕೂರಿಸಿ ಲ್ಯಾಬ್ ಮಾಡಿದ್ದರು. ನನ್ನ ಕೆಲಸ ಮಣ್ಣಿನಲ್ಲಿ ಹ್ಯೂಮಸ್ ಎಷ್ಟಿದೆ ಎಂದು ಹೇಳುವುದು.

ಹ್ಯೂಮಸ್ ಎಂದರೇನು ಎಂದು ಇಲ್ಲೇ ಹೇಳಿಬಿಡುತ್ತೇನೆ. ಟೀ ಗಿಡವನ್ನು ಕೆಲವು ವರ್ಷಕ್ಕೊಮ್ಮೆ ಮೊಣಕಾಲೆತ್ತರಕ್ಕೆ ಸವರುತ್ತಾರೆ. ಆಗ ನೆಲದ ಮೇಲೆ ಎಲೆ, ಸಣ್ಣ ರೆಂಬೆ, ದಪ್ಪ ಕಡ್ಡಿ ರಾಶಿ ಬೀಳುತ್ತದೆ. ಅದು ಕೊಳೆಯುತ್ತದೆ, ಬೂಷ್ಟು, ಹುಳು, ಕಣ್ಣಿಗೆ ಕಾಣದ ಜೀವಿಗಳು ತಿನ್ನುತ್ತವೆ. ಅವು ತಿಂದು ಮುಗಿಸಿದ ಮೇಲೆ ಉಳಿಯುವ ಕರಿ ಸತ್ವ ಮಣ್ಣಿನ ಕಣಕ್ಕೆ ಅಂಟಿಕೊಂಡು ನೀರನ್ನೂ ಗೊಬ್ಬರವನ್ನೂ ಹಿಡಿದಿಡುತ್ತದೆ. ಅದೇ ಹ್ಯೂಮಸ್. ಟೀ ಎಲೆಯಲ್ಲಿ ಒಗರು ಜಾಸ್ತಿ, ನಾವು ಲೋಟದಲ್ಲಿ ಇಷ್ಟಪಟ್ಟು ಕುಡಿಯುವ ಅದೇ ಒಗರು. ಹುಳುಗಳಿಗೆ ಅದು ಬೇಗ ಒಗ್ಗುವುದಿಲ್ಲ. ಆದ್ದರಿಂದ ಟೀ ಸೊಪ್ಪು ಬೇರೆ ಸೊಪ್ಪಿಗಿಂತ ನಿಧಾನವಾಗಿ ಕೊಳೆಯುತ್ತದೆ, ಕೊಳೆಯುತ್ತಾ ಮಣ್ಣಿಗೆ ಹುಳಿಯನ್ನೂ ಸೇರಿಸುತ್ತದೆ. ಸವರಿದ ಮೇಲೆ ಸುಣ್ಣ ಹಾಕಲು ಮರೆಯಬೇಡಿ ಎನ್ನುವುದು ಇದಕ್ಕೇ.

ಸೇರಿದ ಮೊದಲ ವರ್ಷವೇ ಮರ್ಯಾದೆ ಹೋಯಿತು. ಏಳನೇ ಬ್ಲಾಕಿನ ಒಂದು ಸ್ಯಾಂಪಲ್ ತಂದು ಪರೀಕ್ಷೆ ಮಾಡಿದೆ. ಕಿತ್ತಳೆ ಬಣ್ಣದ ಡೈಕ್ರೋಮೇಟ್, ಅದರ ಮೇಲೆ ಸಲ್ಫ್ಯೂರಿಕ್ ಆಸಿಡ್, ಫ್ಲಾಸ್ಕ್ ಕಾದು ಹೊಗೆಯಾಡುತ್ತದೆ. ಕೊನೆಗೆ ಸೂಚಕ ಬೆರೆಸಿ, ಬ್ಯೂರೆಟ್ ಎಂಬ ಗಾಜಿನ ಕೊಳವೆಯಿಂದ ಹನಿ ಹನಿಯಾಗಿ ಟೈಟ್ರೇಷನ್ ಮಾಡಿದರೆ ನೀಲಿಯಿಂದ ಥಟ್ಟನೆ ಹಸಿರಿಗೆ ತಿರುಗುತ್ತದೆ. ಎಷ್ಟು ಹನಿಗೆ ತಿರುಗಿತು ಎಂಬುದರಿಂದ ಮಣ್ಣಿನ ಇಂಗಾಲ ಲೆಕ್ಕಕ್ಕೆ ಸಿಗುತ್ತದೆ. ಆ ಸ್ಯಾಂಪಲ್‌ನಲ್ಲಿ ಇಂಗಾಲ ಎಸ್ಟೇಟಿನ ಬೇರೆಲ್ಲೂ ಇಲ್ಲದಷ್ಟು ಬಂತು. ನಾನು ಇಂಗ್ಲಿಷಿನಲ್ಲಿ ಎರಡು ಪುಟದ ರಿಪೋರ್ಟ್ ಬರೆದೆ. ಮ್ಯಾನೇಜರ್ ಸೋಮಯ್ಯನವರು ಓದಿ, ತಲೆದೂಗಿ, ಜೀಪಿನಲ್ಲಿ ನನ್ನನ್ನು ಕೂರಿಸಿಕೊಂಡು ಆ ಜಾಗಕ್ಕೇ ಹೋದರು. ಅಲ್ಲಿ ದ್ಯಾವಮ್ಮನ ಗ್ಯಾಂಗ್ ಕಳೆ ತೆಗೆಯುತ್ತಿತ್ತು. ದ್ಯಾವಮ್ಮ ಆ ಗ್ಯಾಂಗಿನ ಮೇಸ್ತ್ರಿ. ನನಗಿಂತ ಹತ್ತು ವರ್ಷ ದೊಡ್ಡವಳು, ಆಲೂರು ಕಡೆಯ ಹಳ್ಳಿಯವಳು, ಸಹಿ ಹಾಕಲು ಬಾರದವಳು.

"ದ್ಯಾವಮ್ಮ, ಈ ಬಂಡೆ ಪಕ್ಕದ ಮಣ್ಣು ಇಷ್ಟು ಚೆನ್ನಾಗಿರೋದು ಯಾಕೆ?" ಎಂದು ಸೋಮಯ್ಯ ಕೇಳಿದರು.

"ಯಾವ್ದು, ಇದಾ? ಅಯ್ಯೋ, ಇದು ನಾವು ಬುತ್ತಿ ಬಿಸಿ ಮಾಡೋ ಜಾಗ ಕಣ್ರಪ್ಪ! ನಮ್ಮತ್ತೆ ಕಾಲ್ದಿಂದ್ಲೂ ಇಲ್ಲೇ ಒಲೆ ಹೂಡಾದು. ಅಗುದ್ರೆ ಇದ್ಲು ಬುಟ್ಟು ಇನ್ನೇನ್ ಸಿಕ್ಕಾತು?" ಅವಳು ಹೆಂಗಸರ ಕಡೆ ತಿರುಗಿದಳು. "ಕೇಳುದ್ರೇನ್ರೇ, ಮಿಸ್ಸಮ್ಮ ನಮ್ಮ ಒಲೆ ಬೂದಿನ ಬಾಟ್ಲಿಗೆ ತುಂಬ್ಕಂಡ್ ಹೋಗ್ಬುಟ್ಟವ್ರೆ!"

ಇಡೀ ಗುಡ್ಡ ನಕ್ಕಿತು. ಸೋಮಯ್ಯನವರೂ ನಕ್ಕರು. ಜೀಪಿನಲ್ಲಿ ವಾಪಸ್ ಬರುವಾಗ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಸ್ಯಾಂಪಲ್ ತೆಗೆಯುವ ಮೊದಲು, ಇಲ್ಲಿ ಊಟ ಮಾಡುವವರು ಯಾರು, ಎಲ್ಲಿ ಕೂರುತ್ತಾರೆ ಎಂದು ಕೇಳಿ. ಯಾವ ಟೆಕ್ಸ್ಟ್ ಬುಕ್ಕಿನಲ್ಲೂ ಇದು ಇರಲಿಲ್ಲ.

ಆ ದಿನದಿಂದ ನನ್ನ ಕಣ್ಣು ದ್ಯಾವಮ್ಮನ ಮೇಲೆಯೇ. ಅವಳು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು, ಅಂಗೈಯಲ್ಲಿ ಹಿಸುಕಿ, ಮೂಗಿನ ಹತ್ತಿರ ಹಿಡಿದು, "ಇದಿನ್ನೂ ಬೆಂದಿಲ್ಲ" ಎನ್ನುತ್ತಿದ್ದಳು. ಕೆಳಗಿನ ಸೊಪ್ಪು ಇನ್ನೂ ಪೂರ್ತಿ ಮಣ್ಣಾಗಿಲ್ಲ, ಈಗ ಗೊಬ್ಬರ ಹಾಕಬೇಡಿ ಎಂದು ಅರ್ಥ. ನಾನು ಎರಡು ದಿನ ಕೂತು ಲೆಕ್ಕ ಹಾಕಿದರೂ ಅದೇ ಉತ್ತರ ಬರುತ್ತಿತ್ತು. ಒಂದೆರಡು ಸಲ ಬೇರೆ ಬಂದಾಗ ತಪ್ಪು ನನ್ನದೇ ಆಗಿತ್ತು. ಬ್ಯೂರೆಟ್ ಸರಿಯಾಗಿ ತೊಳೆದಿರಲಿಲ್ಲ. ಸೋಮಯ್ಯನವರು ತೋಟ ಸುತ್ತುವಾಗ ಪಕ್ಕದಲ್ಲಿ ನಾನಿದ್ದರೂ ಪ್ರಶ್ನೆ ಹೋಗುತ್ತಿದ್ದದ್ದು ಅವಳಿಗೆ. ಹೆಡ್ ಆಫೀಸಿನಿಂದ ಬಂದ ಅಡ್ವೈಸರ್ ಒಬ್ಬರು ಅವಳ ಅಂಗೈಯಲ್ಲಿ ಮಣ್ಣು ಹಾಕಿಸಿ ಫೋಟೋ ತೆಗೆದು, ಫ್ರೇಮ್ ಹಾಕಿಸಿ ಆಫೀಸಿನ ಗೋಡೆಗೆ ಕಳಿಸಿದರು. ಸಂಬಳ ತರಲು ಹೋದಾಗಲೆಲ್ಲ ಆ ಕೈಯ ಕೆಳಗೆ ನಾನು ಕ್ಯೂ ನಿಲ್ಲಬೇಕಿತ್ತು.

ಒಂದು ಮಧ್ಯಾಹ್ನ ಲ್ಯಾಬ್ ಬಾಗಿಲು ಹಾಕಿಕೊಂಡು ನಾನೂ ಮಣ್ಣು ಮೂಸಿ ನೋಡಿದೆ. ಐದು ಬ್ಲಾಕಿನ ಐದು ಟ್ರೇ ಸಾಲಾಗಿಟ್ಟು, ಲೇಬಲ್ ಮುಚ್ಚಿ, ಒಂದೊಂದಾಗಿ. ಎಲ್ಲವೂ ಮಣ್ಣಿನ ವಾಸನೆಯೇ. ಸಿಲ್ಲಿ ಎನ್ನಿ, ಆವತ್ತು ಕೂತು ಅತ್ತೆ.

ಇನ್ನು ಆ ದೊಡ್ಡ ತಪ್ಪಿಗೆ ದಾರಿಯಾದ ಟ್ರಯಲ್. ಸವರಿದ ಸೊಪ್ಪು-ಕಡ್ಡಿಯನ್ನು ನೆಲದ ಮೇಲೇ ಬಿಟ್ಟರೆ ಮಣ್ಣು ಎಷ್ಟು ಸುಧಾರಿಸುತ್ತದೆ, ಎತ್ತಿ ಹಾಕಿದರೆ ಎಷ್ಟು ಬಡವಾಗುತ್ತದೆ ಎಂದು ನೋಡಲು ಸೋಮಯ್ಯನವರು ನನಗೆ ಕೆಲವು ಪ್ಲಾಟ್ ಕೊಟ್ಟರು. ಅರ್ಧ ಪ್ಲಾಟುಗಳಲ್ಲಿ ಬಿದ್ದದ್ದನ್ನೆಲ್ಲ ಹಾಗೇ ಬಿಡುವುದು, ಇನ್ನರ್ಧದಲ್ಲಿ ಗುಡಿಸಿ ತೆಗೆಯುವುದು. ಅದರ ಜೊತೆಗೆ ನಾನು ನೈಲಾನ್ ಸೊಳ್ಳೆಪರದೆ ಹರಿದು ಸಣ್ಣ ಸಣ್ಣ ಚೀಲ ಹೊಲಿದೆ. ಕೆಲವಕ್ಕೆ ಎಲೆ, ಕೆಲವಕ್ಕೆ ಸಣ್ಣ ರೆಂಬೆ, ಕೆಲವಕ್ಕೆ ದಪ್ಪ ಕಡ್ಡಿ ತೂಗಿ ತುಂಬಿ ಹೂತಿಟ್ಟು, ಕೆಲವು ತಿಂಗಳಿಗೊಮ್ಮೆ ತೆಗೆದು ಎಷ್ಟು ಉಳಿದಿದೆ ಎಂದು ತೂಗುವುದು. ಎರಡು ಮಳೆಗಾಲ ಇಡೀ ಮೈಗೆ ಜಿಗಣೆ ಹತ್ತಿಸಿಕೊಂಡು ಈ ಕೆಲಸ ಮಾಡಿದೆ. ದ್ಯಾವಮ್ಮನಿಗೆ ಗೊತ್ತಿರದ ಒಂದು ವಿಷಯವಾದರೂ ನನಗೆ ಸಿಗಲಿ ಎಂಬುದೊಂದೇ ಆಸೆ.

ಸಿಕ್ಕಿತು. ಬಿಟ್ಟ ಪ್ಲಾಟುಗಳಲ್ಲಿ ಹ್ಯೂಮಸ್ ಏರಿತ್ತು, ಮಣ್ಣು ಬೆರಳಿಗೆ ಮೃದುವಾಗಿತ್ತು, ಎರೆಹುಳು ಕಾಣಿಸಿಕೊಂಡಿತ್ತು. ಗುಡಿಸಿದ ಪ್ಲಾಟುಗಳು ಗಟ್ಟಿಯಾಗಿ, ಬೋಳಾಗಿ ಇದ್ದವು. ನಾನು ರಿಪೋರ್ಟ್ ಬರೆದು ಕೊನೆಯಲ್ಲಿ ಶಿಫಾರಸು ಸೇರಿಸಿದೆ: ಸವರಿದ ಯಾವುದನ್ನೂ ಇನ್ನು ಮೇಲೆ ತೋಟದಿಂದ ಹೊರಗೆ ಒಯ್ಯಬಾರದು, ಎಲ್ಲವನ್ನೂ ಕತ್ತರಿಸಿ ಟ್ರೆಂಚ್ ತೋಡಿ ಹೂಳಬೇಕು. ಟೈಪ್ ಆಗಿ ನನ್ನ ಸಹಿಗೆ ಮೇಜಿನ ಮೇಲೆ ಬಂತು. ಬೇಸಿಗೆಯ ಕೊನೆ, ಆ ವರ್ಷದ ಪ್ರೂನಿಂಗ್, ಅಂದರೆ ಗಿಡ ಸವರುವ ಕೆಲಸ, ಮರುವಾರ ಶುರುವಾಗುವುದಿತ್ತು.

ಟೈಪಿಸ್ಟ್ ಕಾರ್ಮಿಕರ ಲೈನ್ ಮನೆಗಳ ಕಡೆ ಬಾಯಿಬಿಟ್ಟಿರಬೇಕು. ಸಂಜೆ ದ್ಯಾವಮ್ಮ ಲ್ಯಾಬ್ ಬಾಗಿಲಿಗೆ ಬಂದು ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ.

"ಹೊರೆ ನಿಲ್ಸಿ ಅಂತ ಬರ್ದಿದೀರಂತೆ?"

ಹೊರೆ ಎಂದರೆ ಪ್ರೂನಿಂಗ್ ದಿನಗಳಲ್ಲಿ ಕೆಲಸ ಬಿಟ್ಟ ಮೇಲೆ ಪ್ರತಿ ಹೆಂಗಸೂ ಒಂದು ತಲೆಹೊರೆ ಸೌದೆ ಮನೆಗೆ ಒಯ್ಯುವುದು. ಯಾವ ರೂಲ್ ಬುಕ್ಕಿನಲ್ಲೂ ಇರಲಿಲ್ಲ. ಯಾರ ಕಾಲದಿಂದ ಬಂದದ್ದೋ. ಗ್ಯಾಸ್ ಸಿಲಿಂಡರ್ ಆಗ ಆಫೀಸರ್ ಬಂಗಲೆಗಳಿಗೆ ಮಾತ್ರ. ಲೈನ್‌ನಲ್ಲಿ ಮಳೆಗಾಲವಿಡೀ ಉರಿಯುತ್ತಿದ್ದದ್ದು ಆ ಹೊರೆಯೇ.

"ಸೌದೆಗಿಂತ ಮಣ್ಣಿಗೆ ಅದು ಮುಖ್ಯ ದ್ಯಾವಮ್ಮ. ಟ್ರಯಲ್ ಮಾಡಿ ನೋಡಿದೀನಿ. ಎಲ್ಲಾ ಬಿಟ್ಟ ಕಡೆ ಮಣ್ಣು ಸುಧಾರಿಸಿದೆ."

"ಎಲ್ಲಾ ಎಲ್ ಬುಟ್ಟಿದ್ವಿ?" ಎಂದಳು ಅವಳು. "ಹೆಬ್ಬೆಟ್ಟಿಗಿಂತ ದಪ್ಪ ಇದ್ದುದ್ನೆಲ್ಲ ನಿಮ್ ಪ್ಲಾಟಿಂದ್ಲೂ ನಾವೇ ಹೊತ್ಕಂಡ್ ಹೋಗಿದ್ವಲ್ಲ. ನೀವು ಮೂರ್ ಗಂಟೆಗೆ ಲ್ಯಾಬ್‌ಗೆ ಹೋಗೋರು, ನಾವು ಐದ್ ಗಂಟೆಗೆ ಹೊರೆ ಕಟ್ಟೋರು. ಸೊಪ್ಪು, ಸಣ್ಣ ಕಡ್ಡಿ ನಾವ್ ಯಾವತ್ತೂ ಮುಟ್ಟಾಕಿಲ್ಲ, ಅದು ಗಿಡದ್ದು. ದಪ್ಪುದ್ದು ಮಣ್ಣಿಗ್ ಬ್ಯಾಡ. ಅದ್ನ ಹೂತ್ರೆ ಗಿಡ ಬಿಳಿಚ್ಕತ್ತದೆ. ನಮ್ಮತ್ತೆ ಹೇಳೋರು."

ನಾನು ಮೇಜಿನ ಮೇಲಿನ ಕಾಗದ ನೋಡಿದೆ. ಅವಳು ಹೇಳಿದ್ದು ನಿಜವಾದರೆ ನನ್ನ ಪ್ಲಾಟುಗಳು ತೋರಿಸಿದ್ದು ಸೊಪ್ಪು ಮತ್ತು ಸಣ್ಣ ಕಡ್ಡಿಯ ಫಲವನ್ನು ಮಾತ್ರ. ದಪ್ಪ ಕಡ್ಡಿ ಹೂತರೆ ಏನಾಗುತ್ತದೆ ಎಂದು ಆ ಪ್ಲಾಟುಗಳಲ್ಲಿ ನಾನು ನೋಡಿಯೇ ಇರಲಿಲ್ಲ. ಒಂದು ಸಾಲು ತಿದ್ದಿದರೆ ಸಾಕಿತ್ತು.

"ನೋಡೋಣ" ಎಂದೆ.

"ನೋಡೋಣ ಅಂದ್ರೆ ಆಗಾಕಿಲ್ಲ ಕಣ್ರಮ್ಮ. ನನ್ ಮಗ್ಳು ಮಣಿ ಹೆರಿಗೆಗೆ ಬಂದವ್ಳೆ, ಆಷಾಢಕ್ಕೆ ದಿನ. ಬಾಣಂತಿ ಮನೆಗೆ ಬಿಸಿನೀರು ಎಷ್ಟ್ ಬೇಕು, ಸೌದೆ ಎಷ್ಟ್ ಬೇಕು, ನಿಮ್ಗೇನ್ ಗೊತ್ತು? ನೀವೇನ್ ಹೆತ್ತೋರಾ?"

ಬೇಕೆಂದು ಅಂದಳೋ, ಬಾಯಿ ತಪ್ಪಿ ಬಂತೋ. ನನಗೆ ಮದುವೆಯಾಗಿರಲಿಲ್ಲ ಎಂಬುದು ಎಸ್ಟೇಟಿಗೆಲ್ಲ ಗೊತ್ತಿದ್ದ ವಿಷಯ. ಅವಳಿಗೆ ಕೈ ಇತ್ತು, ಮೂಗು ಇತ್ತು, ಫೋಟೋ ಇತ್ತು. ಈಗ ಮಗಳು, ಮೊಮ್ಮಗು. ಅವಳು ಇಳಿಜಾರು ದಾಟುವ ಮೊದಲೇ ನಾನು ಆ ರಿಪೋರ್ಟಿಗೆ ಸಹಿ ಹಾಕಿದೆ. ಹ್ಯಾಂಡ್‌ರೈಟಿಂಗ್ ತುಂಬಾ ನೀಟಾಗಿ ಬಂದಿತ್ತು.

ಹೆಡ್ ಆಫೀಸಿನಿಂದ ವಾರದೊಳಗೆ ಆರ್ಡರ್ ಬಂತು. ಸೋಮಯ್ಯನವರಿಗೆ ಮನಸ್ಸಿರಲಿಲ್ಲ, ಆದರೂ ಗೇಟಿನಲ್ಲಿ ವಾಚ್‌ಮನ್ ನಿಲ್ಲಿಸಿದರು. ಹೆಂಗಸರು ಬರಿ ತಲೆಯಲ್ಲಿ ಮನೆಗೆ ಹೋದರು. ದಪ್ಪ ಕಡ್ಡಿಯನ್ನು ಗೇಣುದ್ದ ಕಡಿದು ಸೊಪ್ಪಿನ ಜೊತೆ ಟ್ರೆಂಚ್‌ನಲ್ಲಿ ಹಾಕಿ ಮುಚ್ಚಿದೆವು. ಮಳೆ ಹಿಡಿಯಿತು. ಲೈನ್ ಕಡೆಯಿಂದ ಬರುವ ಹೊಗೆ ಆ ವರ್ಷ ಬಿಳಿಯಾಗಿ, ಒದ್ದೆಯಾಗಿ, ಕೆಳಗೇ ಕೂತಿರುತ್ತಿತ್ತು. ನಾನು ಲ್ಯಾಬ್ ಕಿಟಕಿ ಮುಚ್ಚಿಕೊಂಡೆ.

ಮಳೆ ಬಿಡುವು ಕೊಟ್ಟಾಗ ಸವರಿದ ಗಿಡಗಳು ಚಿಗುರಿದವು. ಚಿಗುರಿನ ಬಣ್ಣ ಹಳದಿ. ಮೊದಲು ಒಂದು ಸಾಲು ಅಂದುಕೊಂಡೆ, ನೋಡಿದರೆ ಇಡೀ ಇಳಿಜಾರು. ಸೋಮಯ್ಯನವರು ನನ್ನನ್ನೂ ದ್ಯಾವಮ್ಮನನ್ನೂ ಅಲ್ಲಿಗೇ ಕರೆಸಿದರು.

"ಏನ್ ಮಿಸ್ ಇದು? ನಿಮ್ಮ ರಿಪೋರ್ಟ್ ಪ್ರಕಾರ ಇಲ್ಲಿ ಹಸಿರು ಉಕ್ಕಬೇಕಿತ್ತು." ಆಮೇಲೆ ಅವಳ ಕಡೆ ತಿರುಗಿದರು. "ನೀನು ಹೇಳು ದ್ಯಾವಮ್ಮ."

"ನನ್ನ ಕೇಳ್ಬ್ಯಾಡಿ ಸ್ವಾಮಿ. ನಾನು ಓದ್ದೋಳಾ? ಹೇಳಾದ್ನೆಲ್ಲ ಬ್ಯಾಸ್ಗೇಲೇ ಹೇಳಿದೀನಿ. ಯಾರಿಗ್ ಹೇಳಿದ್ದೆ ಅನ್ನಾದು ಅವ್ರಿಗ್ ಗೊತ್ತೈತೆ."

ಅವಳು ನನ್ನ ಮುಖ ನೋಡಲಿಲ್ಲ. ಸೋಮಯ್ಯ ನೋಡಿದರು.

"ಗಿವ್ ಮಿ ಎ ವೀಕ್, ಸರ್" ಎಂದೆ.

ಒಂದು ವಾರ ಬೇಕಾಗಲಿಲ್ಲ. ಉತ್ತರ ನನ್ನ ನೋಟ್‌ಬುಕ್ಕಿನಲ್ಲೇ ಇತ್ತು. ಸೊಳ್ಳೆಪರದೆಯ ಚೀಲಗಳ ತೂಕ ಬರೆದಿದ್ದ ಪುಟ. ಎಲೆಯ ಚೀಲ ಒಂದು ಮಳೆಗಾಲಕ್ಕೆ ಕರಗಿತ್ತು, ಸಣ್ಣ ರೆಂಬೆಯದು ಎರಡನೆಯದಕ್ಕೆ. ದಪ್ಪ ಕಡ್ಡಿಯ ಚೀಲಗಳು ಹಾಕಿದ್ದು ಹಾಗೇ ಇದ್ದವು. ಕಡ್ಡಿ ಒದ್ದೆಯಾಗಿತ್ತು, ಅಷ್ಟೇ. ಅಂಥ ಕಡ್ಡಿಯಲ್ಲಿ ನೈಟ್ರೋಜನ್ ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ಕಡಿದು ಬೇರಿನ ಪಕ್ಕ ಹೂತರೆ, ತಿನ್ನಲು ಬರುವ ಜೀವಿಗಳು ತಮಗೆ ಬೇಕಾದ ನೈಟ್ರೋಜನ್ನನ್ನು ಗಿಡದ ಪಾಲಿನಿಂದಲೇ ಕಿತ್ತುಕೊಳ್ಳುತ್ತವೆ. ಗಿಡ ಬಿಳಿಚಿಕೊಳ್ಳುತ್ತದೆ. ದಪ್ಪ ಕಡ್ಡಿ ಕರಗದೆ ಉಳಿದದ್ದು ನನ್ನ ಅಕ್ಷರದಲ್ಲೇ, ಕೆಂಪು ಗೆರೆ ಎಳೆದ ಟೇಬಲ್‌ನಲ್ಲೇ ಇತ್ತು. ದ್ಯಾವಮ್ಮ ಬಾಗಿಲಲ್ಲಿ ನಿಂತು ಹೇಳಿದಾಗ ಆ ಪುಟ ತೆರೆದು ನೋಡಿದ್ದರೆ ಐದು ನಿಮಿಷದ ಕೆಲಸ. ಅವಳ ಮಾತು ನಿಜವಾಗುವುದು ನನಗೆ ಬೇಕಿರಲಿಲ್ಲ.

ಹೊಸ ಸರ್ಕ್ಯುಲರ್ ಬರೆದೆ. ಸೊಪ್ಪು ಮತ್ತು ಸಣ್ಣ ಕಡ್ಡಿ ನೆಲಕ್ಕೆ, ಹೆಬ್ಬೆರಳಿಗಿಂತ ದಪ್ಪದ್ದು ತೋಟದ ಹೊರಗೆ, ಕಾರ್ಮಿಕರು ಒಯ್ಯಬಹುದು. ಕಾರಣದ ಜಾಗದಲ್ಲಿ "ಲ್ಯಾಬಿನ ಮುಂದುವರಿದ ಅಧ್ಯಯನದಿಂದ ಕಂಡುಬಂದಂತೆ" ಎಂದು ಹಾಕಿ ಕೆಳಗೆ ನನ್ನ ಹೆಸರು. ಹೆಡ್ ಆಫೀಸಿನವರು ಶ್ಲಾಘಿಸಿ ಪತ್ರ ಬರೆದರು. ಸೋಮಯ್ಯನವರು ಪತ್ರವನ್ನು ನನ್ನ ಕೈಗೆ ಕೊಟ್ಟು, "ಕಂಗ್ರಾಜುಲೇಷನ್ಸ್ ಮಿಸ್" ಎಂದರು, ನಗದೆ. ಆಮೇಲೆ ಅವರು ರಿಟೈರ್ ಆಗುವವರೆಗೂ ನನ್ನ ಯಾವ ರಿಪೋರ್ಟನ್ನೂ ದ್ಯಾವಮ್ಮನನ್ನು ಕೇಳದೆ ಮೇಲಕ್ಕೆ ಕಳಿಸಲಿಲ್ಲ. ಬೇರೆಯವರಾಗಿದ್ದರೆ ಮೆಮೊ ಕೊಡುತ್ತಿದ್ದರು. ಮೆಮೊ ಆದರೆ ಒಂದು ದಿನ ಓದಿ ಮುಗಿಯುತ್ತದೆ.

ಮುಂದಿನ ಪ್ರೂನಿಂಗ್‌ಗೆ ಹೊರೆ ಮತ್ತೆ ಶುರುವಾಯಿತು. ದ್ಯಾವಮ್ಮ ನನ್ನ ಹತ್ತಿರ ಆ ವಿಷಯ ಎತ್ತಲೇ ಇಲ್ಲ. ಹಾದಿಯಲ್ಲಿ ಸಿಕ್ಕರೆ "ಊಟ ಆಯ್ತಾ ಮಿಸ್ಸಮ್ಮ" ಎನ್ನುವಳು, ಮೊದಲಿನಂತೆಯೇ. ಅದೂ ನನಗೆ ಸಹಿಸಲಾಗುತ್ತಿರಲಿಲ್ಲ. ಜಗಳವಾಡಿದ್ದರೆ ನನಗೂ ಆಡಲು ನಾಲ್ಕು ಮಾತು ಇದ್ದವು.

ನಾನು ಬಿಡುವ ಹೊತ್ತಿಗೆ ಕೆಲಸದ ರೀತಿ ಪೂರಾ ಬದಲಾಗಿತ್ತು. ಬ್ಯೂರೆಟ್ ಮೂಲೆ ಸೇರಿತು, ಸ್ಯಾಂಪಲ್‌ಗಳು ಕೊರಿಯರ್‌ನಲ್ಲಿ ದೊಡ್ಡ ಲ್ಯಾಬ್‌ಗೆ ಹೋಗಿ ರಿಸಲ್ಟ್ ಫೋನಿಗೆ ಬರತೊಡಗಿತು. ಕೆಲವು ಬ್ಲಾಕುಗಳಲ್ಲಿ ದಪ್ಪ ಕಡ್ಡಿಯನ್ನೂ ಮೆಷಿನ್‌ಗೆ ಕೊಟ್ಟು ಚೂರು ಮಾಡಿ ನೆಲದ ಮೇಲೆ ಹರಡುತ್ತಾರೆ. ಹೂಳದೆ ಮೇಲೇ ಹರಡಿದರೆ ಅಷ್ಟು ತೊಂದರೆಯಿಲ್ಲ, ಅದು ಸರಿಯೇ. ಲೈನ್‌ಗೆ ಈಗ ಗ್ಯಾಸ್ ಬಂದಿದೆ.

ಹೋದ ತಿಂಗಳು ಬಂದಿದ್ದ ಹುಡುಗಿ ಮೊಬೈಲಿನಲ್ಲಿ ಆ ಹಳೆಯ ಸರ್ಕ್ಯುಲರಿನ ಫೋಟೋ ತೋರಿಸಿದಳು. "ಮಿಸ್, ನಿಮ್ಮ ರೂಲ್‌ನ ನಮಗೆ ಟ್ರೈನಿಂಗ್‌ನಲ್ಲಿ ಮೊದಲನೇ ದಿನವೇ ಹೇಳಿಕೊಟ್ರು. ಇದು ನಿಮಗೆ ಹೇಗೆ ಹೊಳೀತು?" ಎಂದಳು. ನಾನು ಅವಳಿಗೆ ಬಿಸ್ಕತ್ತು ಕೊಟ್ಟೆ. ಮರುದಿನ ಬೆಳಿಗ್ಗೆ ಆಲೂರು ಬಸ್ ಹತ್ತಿ, ಅಲ್ಲಿಂದ ಆಟೋ ಮಾಡಿಕೊಂಡು ದ್ಯಾವಮ್ಮನ ಹಳ್ಳಿಗೆ ಹೋದೆ.

ಅವಳು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕಣ್ಣು ಮಂಜಾಗಿದೆ, ದನಿ ಕೇಳಿ ಗುರುತು ಹಿಡಿದಳು. ಮಗಳು ಮಣಿ ಕುರ್ಚಿ ಹಾಕಿ ಒಳಗೆ ಹೋದಳು. ನಾನು ಸುತ್ತು ಬಳಸದೆ ಹೇಳಿದೆ: ಆ ನಿಯಮ ನಿನ್ನದು, ನನ್ನ ಹೆಸರಿನಲ್ಲಿ ಓಡಾಡುತ್ತಿದೆ.

"ಗೊತ್ತೈತೆ ಬುಡಿ. ಟೈಪು ಮಾಡೋ ಹುಡ್ಗ ಆವಾಗ್ಲೇ ಓದಿ ಹೇಳಿದ್ದ. ಸೌದೆ ಬಂತಲ್ಲ, ಸಾಕು ಅಂದ್ಕಂಡೆ." ಒಂದು ಕಾಯಿ ಸುಲಿದು ಮುಗಿಸಿದಳು. "ಆದ್ರೆ ಅವತ್ತು ನಾನ್ ಬಂದ್ ಹೇಳ್ದಾಗ್ಲೇ ಯಾಕ್ ತಿದ್ಲಿಲ್ಲ? ಅದೊಂದ್ ನಂಗೆ ಇವತ್ತಿಗೂ ತಿಳೀಲಿಲ್ಲ."

"ನಿನ್ನ ಮೇಲೆ ಹೊಟ್ಟೆಕಿಚ್ಚು ಇತ್ತು ದ್ಯಾವಮ್ಮ."

ಅವಳ ಕೈ ನಿಂತಿತು. "ನನ್ ಮೇಲಾ? ಏನಿತ್ತು ಮಾರಾಯ್ತಿ ನನ್ನತ್ರ, ನಿಂಗೆ ಕಿಚ್ಚಾಗೋ ಅಂಥದ್ದು?"

"ನಿನ್ನ ಮೂಗು."

ಅವಳು ನಗತೊಡಗಿದಳು. ಕೆಮ್ಮು ಬಂದರೂ ನಗು ನಿಲ್ಲಲಿಲ್ಲ. "ಏ ಮಣೀ! ಬಾರೆ ಇಲ್ಲಿ! ಮಿಸ್ಸಮ್ಮಂಗೆ ನನ್ ಮೂಗಿನ್ ಮೇಲೆ ಹೊಟ್ಟೆಕಿಚ್ಚಂತೆ ಕಣೆ! ಅದ್ಕೇ ಹೊರೆ ನಿಲ್ಸಿದ್ರಂತೆ!"

ಮಣಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತಳು. ಅವಳು ನಗಲಿಲ್ಲ.

"ಯಾವ ವರ್ಸದ್ ಮಾತು? ನಾನ್ ಬಾಣಂತಿ ಇದ್ ವರ್ಸದ್ದಾ?"

ಹೌದು ಎಂದೆ.

"ಅವ್ವ ಸುರಿಯೋ ಮಳೇಲಿ ಕಾಡಂಚಿಗೆ ಹೋಗಿ ಹಸಿ ಕೊಂಬೆ ತರ್ತಿತ್ತು. ಊದಿ ಊದಿ ಸಾಕಾದ್ರೂ ಹತ್ತಾಕಿಲ್ಲ, ಬರೇ ಹೊಗೆ. ಹೊಗೆಗೆ ಕೂಸು ಕೆಮ್ಮಾದು. ಎತ್ಕಂಡು ಹೊರಗೆ ಚಳೀಲಿ ಕೂರ್ತಿದ್ದೆ. ಉಗುರು ಬೆಚ್ಚಗಿನ ನೀರಲ್ಲೇ ಮೈ ಒರೆಸ್ಕಳಾದು." ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಬಸ್ ಎಷ್ಟು ಗಂಟೆಗೆ ಎಂದು ಹೇಳುವವರ ಹಾಗೆ ಹೇಳಿದಳು.

"ಬುಡೇ, ಹಳೇದು" ಎಂದಳು ದ್ಯಾವಮ್ಮ. ಅವಳ ನಗು ನಿಂತಿತ್ತು.

"ನಾನೇನ್ ಹಿಡ್ಕಂಡ್ ಕೂತಿದೀನಾ? ಮಾತ್ ಬಂತು, ಹೇಳ್ದೆ." ಮಣಿ ನನ್ನ ಕಡೆ ನೋಡಿದಳು. "ಕಾಫಿ ಕುಡೀತೀರಾ?"

ಕುಡಿಯುತ್ತೇನೆ ಎಂದೆ. ಅವಳು ಒಳಗೆ ಹೋದಳು. ದ್ಯಾವಮ್ಮನೂ ನಾನೂ ಅವರೆಕಾಯಿ ಸುಲಿಯುತ್ತಾ ಕೂತೆವು. ಅಡುಗೆಮನೆಯಿಂದ ಲೈಟರಿನ ಸದ್ದು ಕೇಳಿಸಿತು, ಒಂದೇ ಸಲ, ಮತ್ತು ಗ್ಯಾಸ್ ಭುಗ್ಗೆಂದು ಹತ್ತಿಕೊಂಡಿತು.